ಕಮೋಡಿನ ಮೇಲೆ ಕುಕ್ಕರಗಾಲು

ನಗಬೇಡ ಮಾವ. ನಕ್ಕರೆ ಸೊಂಟಕ್ಕೆ ಪೆಟ್ಟು ಅಂತ ಡಾಕ್ಟರು ಹೇಳಿಲ್ವಾ... ಏನು, ನಗ್ತಿಲ್ವಾ? ಸರಿ ಬಿಡು. ಗೋಡೆ ಕಡೆಗಾದ್ರೂ ತಿರುಗಬೇಡ. ನೀರು? ಬೇಡ್ವಾ? ಆಯ್ತು.

ಹೊರಗೆ ನಮ್ಮ ಕಟ್ಟಡದ ಮೇಸ್ತ್ರಿ ನಗ್ತಿರೋದು ನಿನ್ನ ನೋಡಿ ಅಲ್ಲ. ಅಂದ್ರೆ... ನಿನ್ನ ಸುದ್ದಿಗೇ. ನಾನೇ ಹೇಳಿದ್ದು. ಕಷ್ಟಪಟ್ಟು ಕಮೋಡು ಕೂರಿಸಿಕೊಟ್ರೆ ನಮ್ಮ ಮಾವ ಅದರ ಮೇಲೆ ಹತ್ತಿ ಕುಕ್ಕರಗಾಲಲ್ಲಿ ಕೂತ್ರು, ಕೊಂಬೆ ಮೇಲೆ ಮಂಗ ಕೂತ ಹಾಗೆ, ಅದೂ ಉರುಳ್ತು, ಇವರೂ ಉರುಳಿದ್ರು ಅಂತ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಒಂದು ಗಾದೆನೂ ಸೇರಿಸಿದೆ. ನೋಡೋಕೆ ಬಂದವರಿಗೆ ಏನಾದ್ರೂ ಹೇಳಬೇಕಲ್ಲ ಮಾವ.

ಅದರಲ್ಲಿ ಅವಮಾನ ಏನಿದೆ? ನಮ್ಮೂರಲ್ಲಿ ಕುರ್ಚಿ ಮೇಲೆ ಕೂತು ಆ ಕೆಲಸ ಮಾಡಿದವನು ಯಾವನಿದ್ದ? ಬೇಲಿ ಮರೆಯಲ್ಲಿ ಕುಕ್ಕರಿಸಿದ್ರೆ ಎರಡು ನಿಮಿಷ, ಮುಗೀತು. ಈ ಸಿಟಿಯವರು ಕಮೋಡಿನ ಮೇಲೆ ಕೂತು ಫೋನ್ ನೋಡ್ತಾರೆ, ಮೊಟ್ಟೆಗೆ ಕಾವು ಕೊಡೋ ಕೋಳಿ ಹಾಗೆ. ನನ್ನ ಕಾಲು ನೋಡು, ಕಬ್ಬಿಣ. ಬೆಳಗ್ಗೆ ಕುಕ್ಕರಿಸಿದ್ರೆ ಸಂಜೆವರೆಗೂ ಟೈಲ್ಸ್ ಹಾಕ್ತೀನಿ, ನೆಲಕ್ಕೆ ಕೈ ಊರದೆ ಏಳ್ತೀನಿ. ಅಂಥವನು ನಾನು ಕೆಲಸ ಮಾಡೋ ಕಟ್ಟಡದಲ್ಲಿ ಇನ್ನೊಬ್ಬನಿದ್ರೆ ತೋರಿಸು.

ಕಲಿಸಿದ್ದು ನೀನೇ, ಇಲ್ಲ ಅಂತೀನಾ? ಕುಕ್ಕರಿಸೋಕೆ ಬರದವನು ಕರಣೆ ಹಿಡೀಬಾರದು ಅಂತಿದ್ದೆ. ಅಂಥ ಗುರು ಒಂದು ದಿನ ಗೋಡೆ ಹಿಡಿದು, ಬಚ್ಚಲಿಂದ ಬಾಗಿಲವರೆಗೆ ತೆವಳಿದ ಹಾಗೆ ಬಂದು, 'ಮಂಡಿ ಮಡಚೋಕಾಗ್ತಿಲ್ಲ ಕಣೋ, ಒಂದು ಕಮೋಡು ಕೂರಿಸಿಕೊಡು' ಅಂದ್ರೆ... ನನಗೆ ಹೇಗಾಗಿರಬೇಡ? ಆ ಮಂಡಿ ಸವೆದದ್ದು ಕುಕ್ಕರಿಸಿ ಕುಕ್ಕರಿಸಿ ನಮ್ಮನ್ನ ಸಾಕಿದ್ದಕ್ಕೇ ಅಂತ ಆಗ ಹೊಳೀಲಿಲ್ಲ. ರಾಜರಿಗೆ ಸಿಂಹಾಸನ ಬೇಕಂತೆ ಅಂದೆ. ಅತ್ತೆ ನಕ್ಕಳು. ನೀನು ನಗಲಿಲ್ಲ.

ಆದ್ರೂ ಕಮೋಡು ತಂದುಕೊಟ್ಟೆನಲ್ಲ! ಮಟ್ಟ ನೋಡಿ ಕೂರಿಸಿದೆ, ಸುತ್ತ ಬಿಳಿ ಸಿಮೆಂಟು ಬಳಿದೆ, ಒಂದು ಕೂದಲೆಳೆ ಸಂದಿ ಕಾಣಲಿಲ್ಲ. ಕುಕ್ಕರಿಸೋ ಹಳೇ ಪ್ಯಾನನ್ನ ಹಿತ್ತಲಲ್ಲಿ ಗೋಣಿಚೀಲ ಮುಚ್ಚಿ ಇಟ್ಟಿದ್ದೀನಿ. ಯಾಕೆ ಅಂದ್ರೆ... ನಾಲ್ಕು ದಿನಕ್ಕೆ ನಿನಗೇ ಬೇಜಾರಾಗಿ, ಕಿತ್ತು ಹಾಕೋ ಮಾರಾಯ, ಹಳೇದೇ ವಾಸಿ ಅಂತೀಯ ಅಂತ. ಕಿತ್ತುಹಾಕೋದಕ್ಕೆ ಯಾಕಷ್ಟು ಗಟ್ಟಿ...

ಯಾಕೆ ಹಾಗೆ ನೋಡ್ತೀಯ?

ಮೇಸ್ತ್ರಿ ಈಗಷ್ಟೇ ನಿನ್ನ ಹತ್ತಿರ ಬಂದು, ನಿಜವಾಗ್ಲೂ ಹತ್ತಿ ಕೂತಿದ್ಯಾ ಅಂತ ಕೇಳಿದ್ರಲ್ಲ. ಅಷ್ಟು ಜನರ ಮುಂದೆ. ನೀನು ಹೂಂ ಅಂದುಬಿಟ್ಟೆ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ರು. ನಾನೂ ನಕ್ಕೆ... ಹಾಗಾದ್ರೆ ನಿನ್ನ ಅಳಿಯನ ಕೆಲಸದಲ್ಲಿ ತಪ್ಪಿಲ್ಲ ಬಿಡು, ಹೊಸ ಕಟ್ಟಡದ ಬಚ್ಚಲೆಲ್ಲ ಇವನಿಗೇ ಅಂದ್ರು ಮೇಸ್ತ್ರಿ. ನಾನು ಇಷ್ಟು ದಿನ ಬಾಯಿಬಿಟ್ಟು ಕಾದಿದ್ದ ಕೆಲಸ. ನಿನಗೂ ಗೊತ್ತಲ್ಲ.

ಬೈ ಮಾವ. ಒಂದು ಸಲ ಬೈದುಬಿಡು. ಕರಣೆ ತಗೊಂಡು ಬೆನ್ನಿಗೆ ಬಾರಿಸ್ತಿದ್ಯಲ್ಲ, ಹಾಗೆ.

ನನ್ನ ಜೇಬು ಯಾಕೆ ನೋಡ್ತಿದ್ದೀಯ? ಸದ್ದಾ? ಅದು ಬೀಗದ ಕೈ. ಬರೀ ಬೀಗದ... ಕೈ ಯಾಕೆ ಚಾಚ್ತೀಯ? ಬೇಡ. ಮಾವ, ಬೇಡ ಅಂದೆ.

...ತಗೋ.

ಎರಡೂ ಇವೆ. ಕಮೋಡಿನ ಪಾದಕ್ಕೆ ಹಾಕಬೇಕಾಗಿದ್ದ ಬೋಲ್ಟು. ನಿನಗೆ ಆವತ್ತೇ ಗೊತ್ತಾಗಿತ್ತು, ಅಲ್ವಾ? ನೆಲಕ್ಕೆ ಬಿದ್ದವನ ಕಣ್ಣೆದುರಿಗೇ ಪಾದದ ತೂತು ಖಾಲಿ ಇತ್ತಲ್ಲ... ನೀನು ಹತ್ತಲೇ ಇಲ್ಲ. ಎಲ್ಲರ ಹಾಗೆ ನೆಟ್ಟಗೆ ಕೂತಿದ್ದೆ. ಏಳೋವಾಗ ಒಂದು ಪಕ್ಕಕ್ಕೆ ಕೈ ಊರಿದೆ, ಅಷ್ಟೇ.

ಏನ್ ಮಾಡ್ತಿದ್ದೀಯ? ದಿಂಬಿನ ಕೆಳಗೆ ಯಾಕೆ ತುರುಕ್ತೀಯ? ಮೇಸ್ತ್ರಿ ಚಪ್ಪಲಿ ಸದ್ದು... ಮಾವ, ಮುಚ್ಚಬೇಡ. ಕೈ ತೆಗಿ. ಅವರು ನೋಡಲಿ.