ಗೋಡೆಯೊಳಗಿನ ನೆರೆಯವರು

ಈ ಪ್ರಾರ್ಥನಾಲಯದಲ್ಲಿ ಸೇರಿರುವ ಎಲ್ಲರಿಗೂ ವಂದನೆಗಳು. ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನಗಲಿದ ಮೇಷ್ಟ್ರ ಪತ್ನಿ ಅಕ್ಕನವರೇ, ಅವರ ಮಗಳೇ — ನಿಮ್ಮೆದುರು ನಿಂತು ಮಾತಾಡಲು ನನಗೆ ಧೈರ್ಯ ಸಾಲುತ್ತಿಲ್ಲ. ಆದರೂ ಮಾತಾಡಲೇಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಪ್ಪತ್ತೆರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರು ಮೇಷ್ಟ್ರೂ ನಾನೂ. ಈ ದೇವಶಾಸ್ತ್ರ ಕಾಲೇಜಿನಲ್ಲಿ ಅವರು ಸೃಷ್ಟಿಯ ವಿಚಾರ ಕಲಿಸಿದರು, ನಾನು ನೀತಿಶಾಸ್ತ್ರ ಕಲಿಸಿದೆ. ವಿದ್ಯಾರ್ಥಿಗಳು ಅವರಿಗೆ ಮೆಲುದನಿ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಇಲ್ಲಿ ನಿಂತು ಅವರು ಪ್ರಸಂಗ ಮಾಡುತ್ತಿದ್ದರೆ — ನೆನಪಿದೆಯಲ್ಲ? — ಕೊನೆಯ ಬೆಂಚಿನವರು ಮುಂದಕ್ಕೆ ಬಾಗಬೇಕಿತ್ತು. ಹೊಸಬರು ಅದನ್ನು ಭಕ್ತಿ ಅಂದುಕೊಳ್ಳುತ್ತಿದ್ದರು. ಭಕ್ತಿಯಲ್ಲ ಸ್ವಾಮಿ. ಜೇನು.

ಇಲ್ಲೇ, ನನ್ನ ಬೆನ್ನ ಹಿಂದೆ, ಈ ಗೋಡೆಯ ಟೊಳ್ಳಿನಲ್ಲಿ — ಜೇನು ಗೂಡು ಕಟ್ಟಿತ್ತು. ಹೊರಗಡೆ ಮುಷ್ಟಿ ಹಿಡಿಯುವಷ್ಟು ತೂತು, ಅದೇ ಅವುಗಳ ಬಾಗಿಲು. ಶುರುವಿನಲ್ಲಿ ಯಾರೋ ಅತಿಥಿಗಳು ಮೇಜು ಗುದ್ದಿ ಮಾತಾಡಿದಾಗ ಒಳಗೆ ಗದ್ದಲ ಎದ್ದಿತಂತೆ. ಅವತ್ತಿನಿಂದ ಇವರು ದನಿ ತಗ್ಗಿಸಿದರು. ಹನ್ನೊಂದು ವರ್ಷ. ಪ್ರಸಂಗಕ್ಕೆ ಮೊದಲು ಹೀಗೆ — ಗೋಡೆಗೆ ಕಿವಿಯಿಟ್ಟು, ತಲೆಯಾಡಿಸಿ, ಆಮೇಲೆ ನಮ್ಮ ಕಡೆ ತಿರುಗುತ್ತಿದ್ದರು. ಇಳಿಬಿಸಿಲು ಆ ಕಿಟಕಿಯಿಂದ ನೆಲದ ಮೇಲೆ ಬಿದ್ದಿರುತ್ತಿತ್ತು. ಅವರ ಮಾತು ಎಲ್ಲಿ ಮುಗಿಯಿತು, ಆ ಗುಂಯ್‌ಗುಡುವ ಸದ್ದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ನಾನಂತೂ ಕಣ್ಣು ಮುಚ್ಚಿ ಕೂರುತ್ತಿದ್ದೆ. ನಿದ್ದೆ ಹೊಡೆಯುತ್ತೀರಿ ಅಂತ ಅವರು ರೇಗಿಸುತ್ತಿದ್ದರು. ಅರ್ಧ ನಿಜ.

ಜಗಳವೂ ಆಡಿದ್ದೇವೆ. ನೀತಿ ಅನ್ನುವುದು ಮನುಷ್ಯ ಮನುಷ್ಯರ ನಡುವಿನ ವಿಚಾರ ಅಂತ ನನ್ನ ವಾದ. ಅವರು ಟೀ ಲೋಟ ಕೆಳಗಿಟ್ಟು ಹೇಳುತ್ತಿದ್ದರು — ಮನುಷ್ಯ ಬರುವ ಮೊದಲೇ ದೇವರಿಗೆ ಈ ಲೋಕ ಚೆನ್ನಾಗಿ ಕಂಡಿತ್ತು. ನಾವು ತಡವಾಗಿ ಬಂದವರು, ಬಂದ ಕೂಡಲೇ ಮುಂದಿನ ಕುರ್ಚಿ ಕೇಳಬಾರದು. ಹಾಗಾದರೆ ನೆರೆಯವನನ್ನು ಪ್ರೀತಿಸು ಅನ್ನುವ ಆಜ್ಞೆ ಹುಳಕ್ಕೂ ಅನ್ವಯಿಸುತ್ತದೋ ಅಂತ ಒಮ್ಮೆ ಕೆಣಕಿದೆ.

"ಒಂದೇ ಗೋಡೆ ಹಂಚ್ಕೊಂಡಿದೀವಲ್ಲ ಗುರುಗಳೇ, ನೆರೆಯವರಲ್ದೆ ಇನ್ನೇನು?" ಅಂದರು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಅಕ್ಕ, ಇದು ನಿಮಗೂ ಗೊತ್ತಿಲ್ಲ.

ಅವರು ಆಸ್ಪತ್ರೆ ಸೇರಿದ ವಾರ ಇಲ್ಲಿ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಉಸ್ತುವಾರಿ ನನ್ನದು. ಗಾರೆ ಮೇಸ್ತ್ರಿ ತೂತು ತೋರಿಸಿ ಏನು ಮಾಡಲಿ ಅಂತ ಕೇಳಿದ. ನಾನು ಗಡಿಯಾರ ನೋಡಿಕೊಂಡೆ. ಮೀಟಿಂಗ್‌ಗೆ ಹೊತ್ತಾಗಿತ್ತು. ಯಾವ ಮೀಟಿಂಗ್ ಅಂತಲೂ ಹೇಳಿಬಿಡುತ್ತೇನೆ — ಪಠ್ಯದಲ್ಲಿ ಪರಿಸರದ ಪಾಠ ಹೆಚ್ಚಿಸುವ ಬಗ್ಗೆ. "ಮುಚ್ಚಿಬಿಡಪ್ಪ" ಅಂದೆ. ಎರಡು ದಿನ ಗೋಡೆಯೊಳಗೆ ಸದ್ದಿತ್ತು. ನಾನೂ ಕೇಳಿಸಿಕೊಂಡೆ. ಗಾರೆ ಇನ್ನೂ ಹಸಿಯಾಗಿತ್ತು, ಬೆರಳಲ್ಲೇ ಕೆರೆದು ತೆಗೆಯಬಹುದಿತ್ತು. ತೆಗೆಯಲಿಲ್ಲ. ಮೂರನೆಯ ದಿನ ಸದ್ದು ನಿಂತಿತು.

ಅವತ್ತೇ ಸಂಜೆ ಆಸ್ಪತ್ರೆಗೆ ಹೋದೆ. ಅವರು ಕೇಳಿದ್ದು ಒಂದೇ — "ನಮ್ಮವರು ಹೇಗಿದಾರೆ?"

"ಚೆನ್ನಾಗಿದಾರೆ," ಅಂದೆ.

ಕಣ್ಣು ಮುಚ್ಚಿಕೊಂಡೇ ನಕ್ಕರು. "ಹಾಗಾದ್ರೆ ಸರಿ. ನಾನಿಲ್ಲ ಅಂತ ಜೋರಾಗಿ ಮಾತಾಡ್ಬೇಡಿ ಮತ್ತೆ."

ನೀತಿಶಾಸ್ತ್ರದ ಮೇಷ್ಟ್ರು ನಾನು. ಆ ಸುಳ್ಳು ಹೇಳಿ ಎದ್ದು ಬಂದೆ. ಅವರು ಅದನ್ನು ನಂಬಿಕೊಂಡೇ ಹೋದರು. ಅವರಿಲ್ಲದ ದುಃಖ ನಿಮ್ಮೆಲ್ಲರ ಹಾಗೆ ನನಗೂ ಇದೆ. ಈ ನಾಚಿಕೆ ಮಾತ್ರ ನನ್ನೊಬ್ಬನದು.

ಇವತ್ತು ಬೆಳಗ್ಗೆ ಉಳಿ, ಸುತ್ತಿಗೆ ತಂದು ಆ ಗಾರೆ ಒಡೆದೆ. ಒಣಗಿದ ಹುಳಗಳನ್ನು ಬೊಗಸೆಯಲ್ಲಿ ತೆಗೆದು ಹೂಗಿಡದ ಬುಡದಲ್ಲಿ ಮಣ್ಣು ಮಾಡಿದೆ. ಮೇಣದ ಜೇನುರೊಟ್ಟಿಗಳು ಹಾಗೇ ಇವೆ. ಕೈಗೆ ಹತ್ತಿದ ಆ ವಾಸನೆ — ಇನ್ನೂ ಹೋಗಿಲ್ಲ. ಖಾಲಿ ಗೂಡಿಗೆ ಹೊಸ ಹಿಂಡು ಬಂದು ಸೇರುವುದೂ ಉಂಟಂತೆ. ಬಾಗಿಲು ತೆರೆದಿಟ್ಟಿದ್ದೇನೆ. ಬನ್ನಿ ಅಂತ ಕರೆಯುವ ಹಕ್ಕು ನನಗಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವರು ನಿಲ್ಲುತ್ತಿದ್ದ ಹಾಗೆ, ಈ ಗೋಡೆಯ ಕಡೆಗೆ ಮುಖಮಾಡಿ. ಹನ್ನೊಂದು ವರ್ಷದಲ್ಲಿ ನಾವು ಇಲ್ಲಿ ಎಷ್ಟೋ ಸಲ ಮೌನ ಆಚರಿಸಿದ್ದೇವೆ. ಒಮ್ಮೆಯೂ ಅದು ಪೂರ್ತಿ ಮೌನವಾಗಿರಲಿಲ್ಲ. ಅಕ್ಕ — ಇವತ್ತು ಆಗುತ್ತದೆ. ಒಂದು ನಿಮಿಷ, ಕಿವಿಗೊಟ್ಟು ಕೇಳೋಣ.