ನಾಲ್ಕನೇ ಪೆಟ್ಟಿಗೆಯ ನೀರು

ಬಾಗಿಲು ಹಾಕ್ಕೊಳ್ಳಿ ಮೊದಲು. ಆ ಫ್ಯಾನೂ ಆರಿಸಿ. ಈ ಕತೆಯಲ್ಲಿ ಇರೋದೆಲ್ಲಾ ಸದ್ದೇ, ಅದು ಕೇಳಿಸದಿದ್ದರೆ ನಾನು ಗಂಟಲು ಹರ್ಕೊಂಡು ಏನು ಪ್ರಯೋಜನ? ಮತ್ತೆ ಮಧ್ಯದಲ್ಲಿ ಯಾರೂ ಕಿಸಕ್ ಅನ್ನಬಾರದು.

ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗಳಿಗೆ. ಅಕ್ಕ ಇಲಿಗಳ ಮೇಲೆ ಪ್ರಯೋಗ ಮಾಡೋ ಲ್ಯಾಬಲ್ಲಿದ್ದಳು. ದೆವ್ವದ ಮಾತೆತ್ತಿದರೆ ಸಾಕು, "ತೂಕ ಎಷ್ಟಿದೆ ಹೇಳು, ಆಮೇಲೆ ನಂಬ್ತೀನಿ" ಅಂತ ಕಿಚಾಯಿಸೋಳು. ಅಂಥವಳು.

ಆವತ್ತು ರಾತ್ರಿ ಹನ್ನೊಂದೂವರೆ. ಕೆಲಸ ಮುಗಿಸಿ ಒಬ್ಬಳೇ ಮನೆಗೆ ಹೊರಟಿದ್ದಳು. ಲ್ಯಾಬಿನ ಹಿಂದೆ ಒಂದು ಪಾಳುಬಾವಿ ಇದೆ, ಬಾಯಿಗೆ ಕಬ್ಬಿಣದ ಜಾಲರಿ. ಬತ್ತಿ ಎಷ್ಟು ವರ್ಷ ಆಯ್ತೋ ಯಾರಿಗೂ ನೆನಪಿಲ್ಲ. ಅದನ್ನ ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಳು ಅಷ್ಟೇ...

ಟಕ್... ತೊಟ್.

ನಿಂತಳು. ಗಾಳಿ ಇಲ್ಲ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ.

ಟಕ್... ತೊಟ್.

ಬತ್ತಿದ ಬಾವಿಯ ಒಳಗಿಂದ.

ಆ ಸದ್ದು ಏನು ಅಂತ ನಿಮಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ಲ್ಯಾಬಲ್ಲಿ ಎಂಟು ಪೆಟ್ಟಿಗೆಗಳು. ಒಂದೊಂದರ ಗೋಡೆಯಲ್ಲೂ ಬೆರಳು ಹೋಗುವಷ್ಟು ಒಂದು ತೂತು, ತೂತಿನೊಳಗೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಮೇಲೆ ದೀಪ ಹತ್ತಿದಾಗ ಇಲಿ ಮೂಗು ತೂರಿಸಬೇಕು. ಗೆರೆ ತುಂಡಾಗುತ್ತೆ, ಕಂಪ್ಯೂಟರಿಗೆ ಸುದ್ದಿ ಹೋಗುತ್ತೆ, ಅದು ನೀರಿನ ವಾಲ್ವ್ ತೆರೆಯುತ್ತೆ. ಟಕ್. ನಳಿಕೆಯಿಂದ ಒಂದು ಹನಿ. ತೊಟ್. ಆ ಇಲಿಗಳಿಗೆ ಬೇರೆ ಕಡೆ ನೀರಿಲ್ಲ. ದುಡಿದು ಕುಡೀಬೇಕು. ಸಾಕಾಗದೆ ಸೊರಗಿದರೆ ಮಾತ್ರ ಅವು ವಾಸ ಮಾಡೋ ಪಂಜರಕ್ಕೆ ಬಾಟಲಿ ಸಿಗಿಸ್ತಾರೆ.

ಆ ಬಾಟಲಿ ಸಿಗಿಸೋ ಕೆಲಸ ಪಂಜರದ ಮಾವನದು. ಯಾರಿಗೆ ಮಾವ ಅಂತ ಕೇಳಬೇಡಿ, ಲ್ಯಾಬಿಗೆಲ್ಲಾ ಮಾವ. ಇಪ್ಪತ್ತೆರಡು ವರ್ಷದಿಂದ ಇಲಿಗಳಿಗೆ ಊಟ ಹಾಕಿ, ಹಾಸು ಬದಲಾಯಿಸಿ, ದಿನಾ ಬೆಳಿಗ್ಗೆ ತೂಕ ಹಾಕಿದ ಮನುಷ್ಯ. ನಾಲ್ಕನೇ ಪಂಜರದ ಇಲಿಗೆ ಒಂದು ಕಿವಿ ಹರಿದಿತ್ತು. ಅದಕ್ಕೆ ಹರುಕುಕಿವಿ ಅಂತ ಹೆಸರಿಟ್ಟೋರೂ ಅವರೇ.

ಹರುಕುಕಿವಿ ಸತ್ತು ಹತ್ತು ದಿನವಾಗಿತ್ತು.

ಹೇಗೆ ಸತ್ತಿತು ಗೊತ್ತಾ? ಅಕ್ಕ ಪೆಟ್ಟಿಗೆಗಳನ್ನ ತೊಳೆದು ವೈರು ವಾಪಸ್ ಸಿಗಿಸುವಾಗ ನಾಲ್ಕನೇ ವಾಲ್ವಿನ ವೈರು ಐದರದ್ದಕ್ಕೆ, ಐದರದ್ದು ನಾಲ್ಕಕ್ಕೆ ಹೋಯ್ತು. ಐದನೇ ಪೆಟ್ಟಿಗೆ ಖಾಲಿ. ಹರುಕುಕಿವಿ ನಾಲ್ಕರಲ್ಲಿ ಮೂಗು ತೂರಿಸ್ತಾ ಇತ್ತು, ನೀರು ಪಕ್ಕದ ಖಾಲಿ ಪೆಟ್ಟಿಗೆಗೆ ಬೀಳ್ತಾ ಇತ್ತು. ಕಂಪ್ಯೂಟರಿಗೆ ಏನು ಗೊತ್ತು, ಪಾಪ! ನಾನೂರ ಹನ್ನೆರಡು ಹನಿ ಕೊಟ್ಟೆ ಅಂತ ಬರ್ಕೊಂಡಿತ್ತು. ಎಲ್ಲಾ ಇಲಿಗಿಂತ ಜಾಸ್ತಿ. ಅಕ್ಕ ಹಿಗ್ಗಿ ಹೀರೇಕಾಯಿ ಆಗಿದ್ದಳು.

ಮೂರನೇ ದಿನ ಮಾವ ಬಂದು, "ಅಮ್ಮಾ, ಇದು ಯಾಕೋ ಸೊರಗಿದೆ. ತೂಕ ಇಳಿದಿದೆ. ಬಾಟಲಿ ಹಾಕ್ಲಾ?" ಅಂದರು.

"ಬೇಡ ಮಾವ. ಹೊಟ್ಟೆತುಂಬ ಕುಡೀತಿದೆ, ನೋಡಿ ಇಲ್ಲಿ" ಅಂತ ಇವಳು ಪರದೆ ತೋರಿಸಿದಳು.

ಐದನೇ ದಿನ ಬೆಳಿಗ್ಗೆ ಹರುಕುಕಿವಿ ಪಂಜರದ ಮೂಲೆಯಲ್ಲಿ ಸೆಟೆದು ಬಿದ್ದಿತ್ತು. ಅಕ್ಕ ಓಡಿಹೋಗಿ ಪೆಟ್ಟಿಗೆ ನೋಡಿದಳು. ಐದರ ಕೆಳಗಿನ ತಟ್ಟೆ ತುಂಬ ನೀರು. ಅಷ್ಟೂ ಹರುಕುಕಿವಿ ದುಡಿದದ್ದು. ಅವಳು ಏನು ಮಾಡಿದಳು? ತಟ್ಟೆಯನ್ನ ಸಿಂಕಿಗೆ ಬಗ್ಗಿಸಿದಳು, ವೈರು ಸರಿ ಮಾಡಿದಳು. ಲ್ಯಾಬಿನ ಮುಖ್ಯಸ್ಥೆ ಮೇಡಂ ಬಂದು ಕೇಳಿದಾಗ ಬಾಯಿಂದ ಬಂದೇಬಿಡ್ತು: "ಬಾಟಲಿ ಹಾಕಿ ಅಂತ ಮಾವನಿಗೆ ಹೇಳಿದ್ದೆ."

ಮಾವನ ತಲೆ ಮೇಲೆ ಗೂಬೆ ಕೂತಿತು. ವಿಚಾರಣೆ ಮುಗಿಯೋವರೆಗೆ ಕೆಲಸದಿಂದ ಹೊರಗಿಟ್ಟರು. ಮಾವ ಜಗಳ ಆಡಲಿಲ್ಲ. "ನಾನು ಕೇಳಿದ್ದೆನಲ್ಲಮ್ಮಾ..." ಅಂತ ಒಂದೇ ಮಾತು ಅಂದು ಇವಳ ಮುಖ ನೋಡಿದರಂತೆ. ಈ ರಾತ್ರಿ ಕಳೆದರೆ ಬೆಳಿಗ್ಗೆ ಹತ್ತು ಗಂಟೆಗೆ ಆ ವಿಚಾರಣೆ. ಇವಳು ಅದೇ ಸುಳ್ಳಿನ ಹೇಳಿಕೆಗೆ ಸಹಿ ಹಾಕಿದರೆ ಮಾವನ ಕೆಲಸ ಶಾಶ್ವತವಾಗಿ ಹೋಯ್ತು. ನಿಜ ಹೇಳಿದರೆ ಇವಳದು ಹೋಯ್ತು. ಬರೆದ ಹೇಳಿಕೆ ಬ್ಯಾಗಲ್ಲೇ ಇತ್ತು. ಹತ್ತು ದಿನದಿಂದ ಊಟ ಇಲ್ಲ, ನಿದ್ದೆ ಇಲ್ಲ, ದೊಡ್ಡಮ್ಮ ಕೇಳಿದರೆ "ತಲೆನೋವು" ಅನ್ನೋಳು.

ಬಾವಿಯಿಂದ ಮತ್ತೆ ಟಕ್... ತೊಟ್.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವಳಿಗೆ ಮೊದಲು ಹೊಳೆದದ್ದು ದೆವ್ವ ಅಲ್ಲ. ಲ್ಯಾಬಿನ ಸದ್ದೇ ಬಾವಿಯಲ್ಲಿ ಮಾರ್ದನಿಸ್ತಿದೆ ಅಂದ್ಕೊಂಡಳು. ಪೆಟ್ಟಿಗೆ ಆರಿಸಿದ್ನೋ ಇಲ್ವೋ? ಚಾಲೂ ಇದ್ದರೆ ಎಲ್ಲಾ ಕಂಪ್ಯೂಟರಲ್ಲಿ ದಾಖಲಾಗುತ್ತೆ, ಬೆಳಿಗ್ಗೆ ಯಾರಾದರೂ ನೋಡಿದರೆ? ತಿರುಗಿ ಓಡಿದಳು.

ಲ್ಯಾಬಿನ ಬಾಗಿಲು ತೆಗೆದರೆ ಕತ್ತಲು. ಕತ್ತಲಲ್ಲಿ ನಾಲ್ಕನೇ ಪೆಟ್ಟಿಗೆಯ ದೀಪ ಒಂದೇ ಉರೀತಿತ್ತು. ಪರದೆ ಮೇಲೆ ಲೆಕ್ಕ... ನಾನೂರ ಹದಿಮೂರು. ನಾನೂರ ಹದಿನಾಲ್ಕು. ಒಳಗೆ ಇಣುಕಿದಳು. ಏನೂ ಇಲ್ಲ. ಆದರೂ ಯಾವುದೋ ಮೂಗು ಆ ಗೆರೆಯನ್ನ ತುಂಡು ಮಾಡ್ತಿತ್ತು. ಟಕ್.

ಹನಿ ಬಿದ್ದದ್ದು ಮಾತ್ರ ಐದರಲ್ಲಿ. ತೊಟ್.

ಹಿಂದೆ ಕೈ ಹಾಕಿ ನೋಡಿದಳು. ವೈರುಗಳು ಮತ್ತೆ ಅದಲುಬದಲು! ಕಿತ್ತು ಸರಿಯಾಗಿ ಸಿಗಿಸಿದಳು. ಟಕ್... ತೊಟ್. ಐದರಲ್ಲೇ. ನೋಡಿದರೆ ಮತ್ತೆ ಅದಲುಬದಲು. ಇನ್ನೊಂದು ಸಲ. ಮತ್ತೊಂದು ಸಲ. ಕೊನೆಗೆ ಗೋಡೆಯಿಂದ ಪ್ಲಗ್ಗನ್ನೇ ಎಳೆದು ಬಿಸಾಕಿದಳು. ಪರದೆ ಕಪ್ಪಾಯ್ತು, ದೀಪ ಆರಿತು.

ಕರೆಂಟಿಲ್ಲದ ಪೆಟ್ಟಿಗೆ... ಟಕ್.

ಅಕ್ಕ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. "ನಿನ್ನ ದಮ್ಮಯ್ಯ, ಬಿಟ್ಟುಬಿಡು... ಬೇಕು ಅಂತ ಮಾಡಲಿಲ್ಲ ಕಣೋ" ಅಂತ ಅತ್ತಳು. ಟಕ್. ಈಗ ನಿಧಾನವಾಗಿ. ಸುಸ್ತಾದ ಹಾಗೆ. ನಡುವೆ ಉಗುರು ತಗಡಿಗೆ ಉಜ್ಜೋ ಸದ್ದು, ಕರ್ರ್... ಕರ್ರ್...

ಆಮೇಲೆ ಅವಳಿಗೆ ಏನನ್ನಿಸಿತೋ, ಬ್ಯಾಗಿಂದ ತನ್ನ ನೀರಿನ ಬಾಟಲಿ ತೆಗೆದಳು. ಒಂದು ಅಂಗೈಗೆ ಸ್ವಲ್ಪ ಸುರಿದು ನಾಲ್ಕನೇ ಪೆಟ್ಟಿಗೆಯೊಳಗೆ ಹಿಡಿದಳು.

ಕೈಗೆ ಏನೋ ತಗುಲಿತು.

ನಾಲಿಗೆ. ಇಷ್ಟೇ ಇಷ್ಟು. ಕಾಗದದ ಹಾಗೆ ಒಣಗಿದ್ದ ನಾಲಿಗೆ. ಲಬ್... ಲಬ್... ಲಬ್... ಅಂಗೈ ಬರಿದಾಯ್ತು. ಮತ್ತೆ ಸುರಿದಳು, ಮತ್ತೆ ಬರಿದಾಯ್ತು. ಅಳ್ತಾ ಅಳ್ತಾ ಬಾಟಲಿ ಮುಗಿಯೋವರೆಗೂ ಕುಡಿಸಿದಳು. ಆದರೂ ಅದು ಅಂಗೈ ನೆಕ್ಕೋದು ಬಿಡಲಿಲ್ಲ. ಕುಡಿದಷ್ಟೂ ಆ ನಾಲಿಗೆ ಒಣಗಿದ ಹಾಗೇ ಇತ್ತಂತೆ.

ಇನ್ನೊಂದು ಕೈಯಲ್ಲಿ ಫೋನ್ ಮಾಡಿದಳು. ಮೂರನೇ ರಿಂಗಿಗೆ ಮಾವ ಎತ್ತಿದರು.

"ಮಾವ..."

"ಯಾಕಮ್ಮಾ? ಇಷ್ಟೊತ್ತಲ್ಲಿ?"

"ತಪ್ಪು ನಂದು. ವೈರು ಅದಲುಬದಲಾಗಿತ್ತು. ಅದಕ್ಕೆ ಒಂದು ಹನಿಯೂ ಸಿಗಲಿಲ್ಲ. ನೀವು ಕೇಳಿದ್ದಿರಿ, ನಾನೇ ಬೇಡ ಅಂದೆ. ಆಮೇಲೆ... ಸುಳ್ಳು ಹೇಳಿದೆ."

ಮಾವ ಪಿಸುದನಿಯಲ್ಲಿ ಕೇಳಿದರು, "ಎಷ್ಟು ದಿನ ಸಿಗಲಿಲ್ಲ?"

"ನಾಲ್ಕು."

ಮಾವನ ಮೂಗು ಸೊರಸೊರ ಅಂತು. "ಪಾಪದ್ದು" ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಅಕ್ಕ ಇವತ್ತಿಗೂ ಅಂತಾಳೆ.

"ಬೆಳಿಗ್ಗೆ ಎಲ್ಲರ ಮುಂದೆ ಹೇಳ್ತೀನಿ, ಮಾವ."

ಅಂಗೈ ಮೇಲಿದ್ದ ನಾಲಿಗೆ ನಿಂತಿತು.

ಹತ್ತು ಗಂಟೆಗೆ ಹೇಳಿದಳು. ಹೇಳಿಕೆ ಹರಿದು ಮೇಡಂ ಮುಂದೆ ಇಟ್ಟು, ತಟ್ಟೆಯ ನೀರು ಸಿಂಕಿಗೆ ಚೆಲ್ಲಿದ್ದನ್ನೂ ಬಿಡದೆ ಹೇಳಿದಳು. ಕೆಲಸ ಹೋಯ್ತು. ಮಾಡಿದ್ದುಣ್ಣೋ ಮಹರಾಯ, ನಾವೂ ಅವಳ ಪರ ವಾದ ಮಾಡಲಿಲ್ಲ. ಮಾವ ಆ ವಾರವೇ ವಾಪಸ್ ಬಂದರು.

ಏನು, ಭ್ರಮೆ ಅಂತೀರಾ? ನಿದ್ದೆಗೆಟ್ಟ ತಲೆ ಅಂತೀರಾ? ನಾನೂ ಅಂದಿದ್ದೆ. ಅದಕ್ಕೇ ಅಕ್ಕನ ಪುಸ್ತಕಗಳನ್ನ ತರೋ ನೆಪದಲ್ಲಿ ಲ್ಯಾಬಿಗೆ ಹೋದೆ. ಮಾವ ನಾಲ್ಕನೇ ಪಂಜರಕ್ಕೆ ಬೇರೆ ಇಲಿ ಬಿಟ್ಟಿಲ್ಲ. ದಿನಾ ಸಂಜೆ ಆ ಖಾಲಿ ಪಂಜರಕ್ಕೆ ಒಂದು ಬಾಟಲಿ ಸಿಗಿಸಿ, ಬೆಳಿಗ್ಗೆ ತೆಗೆದು ತಕ್ಕಡಿ ಮೇಲಿಡ್ತಾರೆ. ಬಾಟಲಿಯ ತೂಕ ಬರೆದಿಟ್ಟ ಪುಸ್ತಕವನ್ನ ಕೈಚಾಚಿ ನನಗೂ ತೋರಿಸಿದರು. ಒಂದು ದಿನ ಮೂವತ್ತು ಗ್ರಾಂ ಕಮ್ಮಿ. ಒಂದು ದಿನ ಇಪ್ಪತ್ತೆಂಟು. ಒಂದು ದಿನ ಮೂವತ್ತೊಂದು. ಒಂದು ಇಲಿ ದಿನಕ್ಕೆ ಕುಡಿಯೋವಷ್ಟೇ. ಸೋರಿರಬೇಕು ಅಂತ ನಾನೇ ಪಂಜರದೊಳಗೆ ಕೈ ಹಾಕಿ, ಕೆಳಗೆ ಹಾಸಿದ್ದ ಕಾಗದ ಮುಟ್ಟಿ ನೋಡಿದೆ.

ಗರಿಗರಿ ಒಣಗಿತ್ತು. ಈ ಕೈಯಲ್ಲೇ ಮುಟ್ಟಿದ್ದು.