ಹಿಂದಿನ ಸೀಟು ಬಿಚ್ಚಿದ ಕಾರು

ಹಿಂದಿನ ಸೀಟು ಬಿಚ್ಚಿಸೋಕೆ ಬಂದಿದ್ದೀರಿ. ಬಿಚ್ಚಿಕೊಡ್ತೀನಿ, ಅದು ನನ್ನ ಕೆಲಸ. ಕಾರಿನ ಸೀಟು ಬಿಚ್ಚೋದು, ಹೊಲಿಯೋದು, ಫೋಮ್ ತುಂಬೋದು... ಇಪ್ಪತ್ತೆರಡು ವರ್ಷ ಆಯ್ತು. ಆದರೆ ಸ್ಪ್ಯಾನರ್ ಕೈಗೆ ತಗೊಳ್ಳೋ ಮುಂಚೆ ಒಂದು ವಿಷಯ ಹೇಳಿಬಿಡ್ತೀನಿ. ಆ ಶಟರ್ ಅರ್ಧ ಎಳೀರಿ. ಇದು ನನ್ನ ತಂಗಿ ಗಂಡನಿಗೆ ಆದದ್ದು. ಯಾರೋ ಹೇಳಿ ಕೇಳಿದ್ದಲ್ಲ, ನಾನೇ ಅಲ್ಲಿದ್ದೆ.

ಹೋದ ವರ್ಷ. ಒಂದು ಬಸ್ಸಿನ ಸೀಟುಗಳ ಕೆಲಸ ಮುಗಿಸಿ ಮನೆಗೆ ಹೊರಟಾಗ ರಾತ್ರಿ ಒಂದೂವರೆ ದಾಟಿತ್ತು. ಸ್ಕೂಟರು ಮನೇಲಿತ್ತು, ನಡ್ಕೊಂಡೇ ಬರ್ತಿದ್ದೆ. ನಮ್ಮ ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ, ಗಾಳಿ ಬಂದಾಗ ಅದರ ಒಂದು ಮೂಲೆ ಕಿರ್... ಕಿರ್... ಅನ್ನತ್ತೆ. ಅವತ್ತು ಗಾಳಿ ಇರಲಿಲ್ಲ. ಬಾವಿ ಕಟ್ಟೆ ಆ ಕಡೆಯಿಂದ ಬೇರೆ ಸದ್ದು ಬರ್ತಿತ್ತು. ಟಕ್... ಚಪ್... ಟಕ್... ಚಪ್... ಒಂದು ಕಾಲಿಗೆ ಶೂ ಹಾಕಿ ಇನ್ನೊಂದು ಬರಿಗಾಲಲ್ಲಿ ನಡೆದರೆ ಬರೋ ಸದ್ದು.

ನಿಂತೆ.

ನೋಡಿದರೆ ನಮ್ಮ ದಂಡನಾಯಕ. ನನ್ನ ತಂಗಿ ಗಂಡನಿಗೆ ಮನೆಮಂದಿ ಬೆನ್ನ ಹಿಂದೆ ಇಟ್ಟ ಹೆಸರು ಅದು. ಮಲಗೋ ಪೈಜಾಮ, ಮೈಯೆಲ್ಲ ಬೆವರು. ಹಣೆಗೆ ಟಾರ್ಚ್ ಕಟ್ಕೊಂಡಿದಾನೆ. ಹಚ್ಚಿಲ್ಲ. ಆರು ಕಿಲೋಮೀಟರ್ ಕತ್ತಲಲ್ಲಿ ಮುಗ್ಗರಿಸಿಕೊಂಡು ಓಡಿ ಬಂದಿದಾನೆ, ಹಣೆ ಮೇಲಿರೋ ಟಾರ್ಚ್ ಹಚ್ಚಬೇಕು ಅಂತ ಹೊಳೆದಿಲ್ಲ. ಅಂಥ ಬುದ್ಧಿವಂತ.

"ತಂಗಿ ಎಲ್ಲೋ?" ಅಂದೆ.

"ಕ್ವಾರಿಯಲ್ಲಿ... ಕಾರಲ್ಲಿ."

"ಒಬ್ಬಳನ್ನೇ ಬಿಟ್ಟು ಬಂದ್ಯಾ?"

ಅವನು ನನ್ನ ಮುಖ ನೋಡಲಿಲ್ಲ. ಮೆತ್ತಗೆ ಹೇಳಿದ. "ಒಬ್ಬಳೇ ಅಲ್ಲ, ಭಾವ."

ನನಗಿರೋದು ಅವಳೊಬ್ಬಳೇ ತಂಗಿ. ಊರಾಚೆಯ ಕಲ್ಲು ಕ್ವಾರಿ, ಕೆಲಸ ನಿಂತು ಎಷ್ಟೋ ವರ್ಷ ಆಗಿದೆ, ಅಲ್ಲಿ ಫೋನಿಗೆ ಸಿಗ್ನಲ್ಲೂ ಸಿಗಲ್ಲ. ಅಂಥ ಕಡೆ ಹೆಂಡತೀನ ಬಿಟ್ಟು ಬಂದು ಬಾವಿ ಹತ್ರ ನಿಂತಿದಾನೆ ಗಂಡಸು. ಕಪಾಳಕ್ಕೆ ಬಾರಿಸಬೇಕು ಅನ್ನಿಸ್ತು. ಹೊತ್ತಿಲ್ಲ ಅಂತ ಬಿಟ್ಟೆ.

ಈ ಮನುಷ್ಯನ ವಿಚಾರ ನಿಮಗೆ ಸ್ವಲ್ಪ ಗೊತ್ತಾಗಬೇಕು. ಕೆಲಸ ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರು. ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರು, ಅಂಗಡಿಯಿಂದ ಮನೆಗೆ ಎರಡು. ಒಂಬತ್ತು ವರ್ಷದ ಸಂಸಾರದಲ್ಲಿ ನನ್ನ ತಂಗಿ ಬಾಯಿಬಿಟ್ಟು ಕೇಳಿದ್ದು ಒಂದೇ, ಸಮುದ್ರ ನೋಡಬೇಕು ಅಂತ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಸಮುದ್ರ. ಆದರೆ ಇವನಿಗೆ ಬಸ್ಸು ಅಂದರೆ ಅವಮಾನ. "ಬಸ್ಸಲ್ಲಿ ಯಾರು ಬೇಕಾದ್ರೂ ಹೋಗ್ತಾರೆ. ಹೋಗೋದಾದ್ರೆ ಸರಿಯಾಗಿ ಸಜ್ಜಾಗಿ ಹೋಗ್ಬೇಕು" ಅನ್ನೋನು. ರಾತ್ರಿಯಿಡೀ ಫೋನಲ್ಲಿ ಮರಳುಗಾಡು ದಾಟೋರ ವಿಡಿಯೋ ನೋಡೋನು. ಆಮೇಲೆ ಒಂದು ದೊಡ್ಡ ಕಾರು ತಂದ, ಏಳು ಸೀಟಿನದು, ಸೆಕೆಂಡ್ ಹ್ಯಾಂಡು. ಅದಕ್ಕೆ ಶುರುವಾಯ್ತು ನೋಡಿ ಅಲಂಕಾರ.

ನೀರಲ್ಲಿ ಮುಳುಗಿದರೂ ಇಂಜಿನ್ ಉಸಿರಾಡಲಿ ಅಂತ ಪಕ್ಕದಲ್ಲೊಂದು ಕೊಳವೆ. ಮಳೆ ಬಂದರೆ ಕೆಸರು ಹಿಡಿಯತ್ತೆ ಅಂತ ಆ ಕಾರನ್ನ ಹೊರಗೇ ತೆಗೀತಿರಲಿಲ್ಲ, ಅದು ಬೇರೆ ಮಾತು. ಮುಂದೆ ಉಕ್ಕಿನ ಹಗ್ಗ ಸುತ್ತಿದ ವಿಂಚು, ಹಳ್ಳದಲ್ಲಿ ಸಿಕ್ಕಿಬಿದ್ದರೆ ಎಳ್ಕೊಳ್ಳೋಕೆ. ಅದನ್ನ ಒಂದೇ ಸಲ ಪರೀಕ್ಷೆ ಮಾಡಿದ್ದು, ಪಕ್ಕದ ಮನೆ ಗೇಟು ಬುಡಸಮೇತ ಕಿತ್ತು ಬಂತು. ಮರಳಲ್ಲಿ ಚಕ್ರದ ಕೆಳಗೆ ಕೊಡೋ ಹಲಗೆ ತಂದ. ನಮ್ಮಲ್ಲಿ ಮರಳಿರೋದು ಮನೆ ಕಟ್ಟೋ ಜಾಗದಲ್ಲಿ ಮಾತ್ರ. ಕಾರಿನ ನೆತ್ತಿ ಮೇಲೆ ಬಿಚ್ಚಿ ಮಡಚೋ ಡೇರೆ, ಹತ್ತೋಕೆ ಅಲ್ಯೂಮಿನಿಯಂ ಏಣಿ. ಎರಡು ವಾಕಿಟಾಕಿ ಬೇರೆ. ದಂಡು ಕಟ್ಟೋದೇ ಕಟ್ಟೋದು, ಹೊರಡೋದು ಮಾತ್ರ ಇಲ್ಲ. ಅದಕ್ಕೇ ದಂಡನಾಯಕ.

ಕಾರು ಕೊಳ್ಳೋ ದಿನ ಸೀಟು ನೋಡೋಕೆ ಅಂತ ನನ್ನನ್ನ ಕರ್ಕೊಂಡು ಹೋಗಿದ್ದ. ಮಾರೋರು ರಿಟೈರ್ ಆದ ಯಜಮಾನರು. ಮೀಟರ್ ನೋಡಿದೆ, ಆರು ವರ್ಷಕ್ಕೆ ಬರೀ ಒಂಬತ್ತು ಸಾವಿರ. ಹಿಂದಿನ ಸೀಟು ಮುಟ್ಟಿದೆ, ಎಡಗಡೆ ಫೋಮು ಪೂರ್ತಿ ಕೂತುಹೋಗಿದೆ. ಒಂಬತ್ತು ಸಾವಿರಕ್ಕೆ ಫೋಮು ಹಾಗಾಗಲ್ಲ. "ಏನ್ ಸಾರ್ ಇದು?" ಅಂದೆ.

"ಓಡಿಸಿದ್ದು ಕಡಿಮೆ" ಅಂದರು ಯಜಮಾನರು. "ನಮ್ಮನೆಯವಳು ಶೆಡ್ಡಲ್ಲಿ ಬಂದು ಇದರಲ್ಲಿ ಕೂತಿರ್ತಿದ್ಲು. ಬ್ಯಾಗು ತೊಡೆ ಮೇಲೆ ಇಟ್ಕೊಂಡು. ನಾಳೆ ಹೊರಡೋಣ, ನಾಡಿದ್ದು ಹೊರಡೋಣ ಅಂತ ನಾನು ಹೇಳ್ತಾನೇ ಇದ್ದೆ. ಅದೇ ಸೀಟಲ್ಲೇ ತೀರಿಕೊಂಡ್ಲು."

ನಾನು ಸೀಟಿಂದ ಕೈ ತೆಗೆದೆ. ನಮ್ಮ ದಂಡನಾಯಕ ಏನಂದ ಗೊತ್ತಾ? "ಹಂಗಾದ್ರೆ ಇಂಜಿನ್ನು ಹೊಸದೇ ಅಂತಾಯ್ತು."

ಮುಂದಿನ ವಾರ ಕಾರು ನನ್ನ ಅಂಗಡಿಗೆ ಬಂತು. ಹಿಂದಿನ ಸೀಟುಗಳೆಲ್ಲ ಬಿಚ್ಚಬೇಕಂತೆ, ಡ್ರಾಯರು, ಫ್ರಿಜ್ಜು, ನೀರಿನ ಟ್ಯಾಂಕು ಕೂರಿಸಬೇಕಂತೆ. "ಈ ಒಂದು ಸೀಟಾದ್ರೂ ಇರ್ಲಿ ಕಣೋ" ಅಂದೆ. "ಭಾವ, ನೀವು ಹೊಲಿಗೆ ನೋಡ್ಕೊಳ್ಳಿ. ಯಾತ್ರೆ ವಿಷಯ ನಂಗೆ ಬಿಡಿ" ಅಂದ. ಬಿಚ್ಚಿದೆ. ತಪ್ಪು ನನ್ನದೂ ಇದೆ, ಇಲ್ಲ ಅನ್ನಲ್ಲ.

ಅವತ್ತಿಂದ ಶುರು. ಅವನೊಬ್ಬನೇ ಕಾರಲ್ಲಿದ್ದರೂ ಡ್ರೈವರ್ ಪಕ್ಕದ ಸೀಟಿಂದ ಟಿಣ್... ಟಿಣ್... ಟಿಣ್... ಯಾರಾದ್ರೂ ಕೂತು ಬೆಲ್ಟ್ ಹಾಕದಿದ್ದರೆ ಹೊಡ್ಕೊಳ್ಳೋ ಗಂಟೆ ಅದು. ಕುಶನ್ ಬಿಚ್ಚಿ ನೋಡಿದೆ. ಎಲ್ಲ ಸರಿಯಿತ್ತು. ಸರಿಯಿದೆ, ಆದರೂ ಹೊಡ್ಕೋತಿದೆ ಅಂದೆ. ನನ್ನ ಮುಖ ನೋಡಿ ನಕ್ಕ. ಖಾಲಿ ಸೀಟಿನ ಮೇಲೆ ಬೆಲ್ಟ್ ಎಳೆದು ಟಕ್ ಅಂತ ಸಿಕ್ಕಿಸಿದ. ಗಂಟೆ ನಿಂತಿತು. "ನೋಡಿದ್ರಾ? ಇಷ್ಟೇ" ಅಂದ.

ಯಾರು ಕೂತಿದ್ದರೋ ಅವರಿಗೆ ಅವನೇ ಕೈಯಾರೆ ಬೆಲ್ಟ್ ಹಾಕಿ ಕೂರಿಸಿದ ಹಾಗಾಯ್ತು.

ತಂಗಿ ಒಂದಿನ ಮೆತ್ತಗೆ ಹೇಳಿದಳು, "ಅಣ್ಣಾ, ನಾನು ಕೂರೋಕೆ ಹೋದ್ರೆ ಆ ಸೀಟು ಬೆಚ್ಚಗಿರತ್ತೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ." ಗಂಡ ಅಂದನಂತೆ, ದುಬಾರಿ ಕಾರುಗಳಲ್ಲಿ ಸೀಟು ಬಿಸಿ ಮಾಡೋ ವ್ಯವಸ್ಥೆ ಇರತ್ತೆ ಅಂತ. ಆ ಸೀಟಿನ ಚರ್ಮ ಸುಲಿದು ನೋಡಿದೋನು ನಾನು. ಅದರಲ್ಲಿ ಬಿಸಿ ಮಾಡೋ ತಂತಿ ಒಂದೆಳೆಯೂ ಇಲ್ಲ.

ಕೊನೆಗೂ ಯಾತ್ರೆ ಹೊರಟಿತು. ಸಮುದ್ರಕ್ಕಲ್ಲ. ಆರು ಕಿಲೋಮೀಟರ್ ದೂರದ ಕ್ವಾರಿಗೆ. ಟ್ರಯಲ್ಲಂತೆ.

ಮನೆಗೆ ಓಡಿ ಸ್ಕೂಟರ್ ತೆಗೆದೆ. ಅವನನ್ನ ಹಿಂದೆ ಕೂರಿಸಿಕೊಂಡೆ. ನನ್ನ ಕಿವಿ ಹತ್ರ ಪಿಸುಗುಟ್ಟುತ್ತಾ ಬಂದ. ಹನ್ನೊಂದಕ್ಕೆ ಇಬ್ಬರೂ ಮೇಲೆ ಡೇರೆಯಲ್ಲಿ ಮಲಗಿದಾರೆ. ಕೆಳಗೆ ಕಾರಿಗೆ ಲಾಕು, ಖಾಲಿ ಸೀಟಿಗೆ ಯಾವತ್ತಿನ ಹಾಗೆ ಬೆಲ್ಟು. ಸ್ವಲ್ಪ ಹೊತ್ತಿಗೆ ಕಾರಿನೊಳಗಿಂದ... ಟಕ್. ಬೆಲ್ಟಿನ ಗುಂಡಿ ಒತ್ತಿದ ಸದ್ದು. ಆಮೇಲೆ ಸರ್ರ್... ಅಂತ ಬೆಲ್ಟು ಸುತ್ಕೊಂಡ ಸದ್ದು. ಅದರ ತುದಿ ಬಾಗಿಲ ಪಕ್ಕ ಬಡಿದ ಸದ್ದು... ಟಪ್. ನಾನು ದಿನಾ ಕೇಳೋ ಸದ್ದುಗಳು. ಮೂರೂ ಒಂದರ ಹಿಂದೆ ಒಂದು ಬಂದರೆ ಸೀಟಿಂದ ಯಾರೋ ಎದ್ದರು ಅಂತ. ಬೇರೆ ಅರ್ಥವಿಲ್ಲ.

ಬಾಗಿಲು ತೆರೀತು. ಜಲ್ಲಿ ಮೇಲೆ ಹೆಜ್ಜೆ... ಕರಕ್... ಕರಕ್... ನಿಧಾನ, ವಯಸ್ಸಾದವರ ಹೆಜ್ಜೆ. ಏಣಿ ಹತ್ರ ಬಂದು ನಿಂತಿತು. ಟಣ್... ಒಂದು ಮೆಟ್ಟಿಲು. ಉಸಿರು ತಗೊಳ್ಳೋವಷ್ಟು ಹೊತ್ತು ಬಿಟ್ಟು, ಟಣ್... ಇನ್ನೊಂದು.

"ಆಗ ನೀನೇನ್ ಮಾಡ್ದೆ?" ಅಂದೆ.

"ಕೈಕಾಲು ಆಡ್ಲಿಲ್ಲ ಭಾವ..."

"ಏನ್ ಮಾಡ್ದೆ ಅಂತ ಕೇಳ್ದೆ."

"ಆ ಕಡೆ ಕಿಟಕಿ ಝಿಪ್ಪು ತೆಗೆದು... ಬಾನೆಟ್ ಮೇಲೆ ಜಾರಿದೆ."

"ಅವಳು?"

"ಕರೆದೆ ಅವಳನ್ನ." ನನ್ನ ಅಂಗಿ ಬಿಗಿಯಾಗಿ ಹಿಡ್ಕೊಂಡ. "ಕರೆದೆ ಅನ್ಸತ್ತೆ."

ಉಗೀಬೇಕು ಅನ್ನಿಸ್ತು. ಸ್ಕೂಟರ್ ಓಡಿಸ್ತಿದ್ದೆ, ನನ್ನ ಮೇಲೇ ಬೀಳತ್ತೆ ಅಂತ ನುಂಗಿಕೊಂಡೆ.

ಕ್ವಾರಿ ತಲುಪಿದ್ವಿ. ಕಾರು ನಿಂತಿದೆ. ಒಳಗಿನ ಚಿಕ್ಕ ದೀಪ ಉರೀತಿದೆ, ಪಕ್ಕದ ಸೀಟಿನ ಬಾಗಿಲು ತೆರೆದಿದೆ. ಡೇರೆಯಿಂದ ಸದ್ದಿಲ್ಲ. ಏಣಿ ಹುಡುಕಿದೆ. ಯಾರೋ ಅದನ್ನ ಮಡಚಿ, ಕಾರಿನ ಪಕ್ಕಕ್ಕೆ ಆನಿಸಿ, ಪಟ್ಟಿ ಬಿಗಿದು ಕೊಕ್ಕೆ ಹಾಕಿದಾರೆ. ಆ ಕೊಕ್ಕೆ ನೆಲದ ಮೇಲೆ ನಿಂತವರು ಹಾಕಬೇಕು, ಮೇಲಿದ್ದವರ ಕೈಗೆ ಎಟುಕಲ್ಲ.

"ನೀನು ಬಿಗಿದ್ಯಾ?" ಅಂತ ಕೇಳಿದೆ. ಅವನು ಇಲ್ಲ ಅಂತ ತಲೆ ಅಲ್ಲಾಡಿಸಿದ. ಸ್ಕೂಟರಿನ ಹಿಂದೆ ಹೋಗಿ ನಿಂತ.

ನಾನೇ ಬಿಚ್ಚಿ ಹತ್ತಿದೆ. ಝಿಪ್ಪು ಎಳೆದೆ. ತಂಗಿ ಹಾಸಿಗೆಯ ಒಂದು ಅಂಚಲ್ಲಿ ಎದ್ದು ಕೂತಿದ್ದಳು, ಉಳಿದ ಜಾಗ ಬಿಟ್ಟು. ಜೀವ ಬಂದ ಹಾಗಾಯ್ತು ನನಗೆ. ಅವಳ ಹೆಸರು ಕರೆಯೋಕೆ ಬಾಯಿ ತೆರೆದೆ. ತುಟಿ ಮೇಲೆ ಬೆರಳಿಟ್ಟಳು.

"ಮೆತ್ತಗೆ ಅಣ್ಣಾ. ಅವರಿಗೆ ಈಗಷ್ಟೇ ನಿದ್ದೆ ಹತ್ತಿದೆ."

ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೆ ಅಲ್ಲಿ ಫೋಮು ತಗ್ಗಿತ್ತು. ನೋಡಿ, ಫೋಮಿನ ವಿಷಯ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಹೊಸ ಹಾಸಿಗೆ, ಎದ್ದ ಹತ್ತು ಸೆಕೆಂಡಿಗೆ ಉಬ್ಬಿ ಸಮ ಆಗತ್ತೆ. ಇವಳ ಗಂಡ ಎದ್ದು ಓಡಿ ಗಂಟೆಯ ಮೇಲಾಗಿತ್ತು.

"ಭಯ ಆಗ್ಲಿಲ್ವಾ?" ಅಂತ ಪಿಸುಗುಟ್ಟಿದೆ.

"ಆಯ್ತು. ನನ್ನ ಗಂಡ ನನ್ನ ಹೊಟ್ಟೆ ತುಳ್ಕೊಂಡು ಕಿಟಕಿಯಿಂದ ಹಾರಿದ್ರಲ್ಲ, ಆಗ ಆಯ್ತು. ಈ ಅಮ್ಮ ಮೇಲೆ ಬಂದ್ಮೇಲೆ ಆಗ್ಲಿಲ್ಲ. ಹೊರಟಾಯ್ತಾ ಅಂತ ಕೇಳಿದ್ರು. ಇಲ್ಲ, ಬೆಳಿಗ್ಗೆ ಹೊರಡೋಣ ಅಂದೆ. ಮಲ್ಕೊಂಡ್ರು."

ಬೆಳಕಾಗೋವರೆಗೆ ಅವಳು ಕೆಳಗಿಳಿಯಲ್ಲ ಅಂದಳು. ನಾನೂ ಅವನೂ ಒಂದು ಬಂಡೆ ಮೇಲೆ ಕೂತ್ವಿ. ದಂಡನಾಯಕ ಮಡಚೋ ಕುರ್ಚಿ ಬಿಡಿಸೋಕೆ ಹೋಗಿ ಬೆರಳು ಸಿಕ್ಕಿಸಿಕೊಂಡ. ಅದೊಂದು ಖುಷಿ ನನಗೆ ಆ ರಾತ್ರಿ.

ಬೆಳಗಿನ ಜಾವ ಅವಳು ಇಳಿದಳು. ನಾವಿಬ್ಬರೂ ಡೇರೆ ಮಡಚಿ ಕಾರಿನ ಹಿಂದೆ ಪಟ್ಟಿ ಬಿಗೀತಿದ್ವಿ. ಅವಳು ಮುಂದೆ ಹೋಗಿ ಹತ್ತಿದಳು. ಯಾವ ಕಡೆಯಿಂದ ಹತ್ತಿದಳು ಅಂತ ನಾನು ನೋಡಲಿಲ್ಲ. ಎರಡು ಬಾಗಿಲು ಹಾಕಿಕೊಂಡ ಸದ್ದು ಕೇಳಿಸ್ತು... ಢಪ್. ಢಪ್. ಇಂಜಿನ್ ಶುರುವಾಯ್ತು.

"ನಾನೆಲ್ಲಿ ಕೂರ್ಲಿ?" ಅಂತ ಇವನು ಹಿಂದಿನಿಂದಲೇ ಕೂಗಿದ. ಮುಂದೆ ಹೋಗೋ ಧೈರ್ಯ ಇಲ್ಲ.

"ಮುಂದೆ ಜಾಗ ಇಲ್ಲ" ಅಂದಳು ತಂಗಿ ಒಳಗಿಂದ. "ಹಿಂದೆ ಹತ್ತಿ."

ಹಿಂದಿನ ಬಾಗಿಲು ತೆಗೆದು ನೋಡಿದ. ಡ್ರಾಯರು, ಫ್ರಿಜ್ಜು, ಟ್ಯಾಂಕು, ಮರಳಿನ ಹಲಗೆ. ಇಡೀ ಜಗತ್ತು ಸುತ್ತೋಕೆ ಬೇಕಾದ್ದೆಲ್ಲ ಇತ್ತು. ಒಬ್ಬ ಮನುಷ್ಯ ಕೂರೋ ಜಾಗ ಇರಲಿಲ್ಲ. ಬಾಗಿಲು ಹಾಕಿ ಬಂದು, ನನ್ನ ಸ್ಕೂಟರಿನ ಹಿಂದೆ ಕೂತ.

ಮುಂದೆ ಕಾರು, ಹಿಂದೆ ನಾವು. ಆ ದೊಡ್ಡ ಗಾಡಿ ಬಂಡೆಗಳ ಸಂದಿಯಲ್ಲಿ ಒಂದು ಗೀರೂ ಇಲ್ಲದೆ ಹೊರಗೆ ಬಂತು. ಕೂಡುರಸ್ತೆಯಲ್ಲಿ ನಮ್ಮ ಮನೆಗೆ ಎಡಕ್ಕೆ ತಿರುಗಬೇಕು. ಕಾರು ಬಲಕ್ಕೆ ತಿರುಗಿ ಹೆದ್ದಾರಿ ಹಿಡೀತು. ಹಾರ್ನ್ ಹೊಡೆದೆ, ಕೂಗಿದೆ. ನಿಲ್ಲಲಿಲ್ಲ. ಅದು ಕಣ್ಮರೆ ಆದ ಮೇಲೆ ನನಗೆ ಹೊಳೀತು, ತಂಗಿಗೆ ಕಾರು ಓಡಿಸೋದು ಬರಲ್ಲ ಅಂತ. ಗಂಡನಿಗೆ ಗೊತ್ತಾಗದ ಹಾಗೆ ಎಲ್ಲೋ ಕಲಿತಿರಬೇಕು ಅಂತ ಸಮಾಧಾನ ಮಾಡ್ಕೊಂಡೆ.

ಮಾರನೇ ಸಂಜೆ ಫೋನು ಬಂತು. ಸಮುದ್ರ ನೋಡಿ ಆಯ್ತಂತೆ. ಕಾಲು ಒದ್ದೆ ಮಾಡ್ಕೊಂಡು ಎರಡು ಗಂಟೆ ನಿಂತಿದ್ದಳಂತೆ. ಒಂಬತ್ತು ವರ್ಷದಲ್ಲಿ ಅವಳು ಅಷ್ಟು ನಗ್ತಾ ಮಾತಾಡಿದ್ದು ನಾನು ಕೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಇನ್ನೂ ಮುಂದೆ ಹೋಗಿ ನೋಡ್ಕೊಂಡು ಬರ್ತೀವಿ ಅಂದಳು. ಹಿಂದೆ ಇಂಜಿನ್ ಸದ್ದು, ಗಾಳಿ ಸದ್ದು, ಇಂಡಿಕೇಟರಿನ ಟಿಕ್ ಟಕ್ ಟಿಕ್ ಟಕ್.

"ಗಾಡಿ ಓಡಿಸ್ತಾ ಫೋನ್ ಮಾಡ್ತಾರೇನೇ? ಮೊದ್ಲು ಪಕ್ಕಕ್ಕೆ ನಿಲ್ಸು" ಅಂತ ಗದರಿದೆ.

"ನಾನೆಲ್ಲಿ ಓಡಿಸ್ತಿದೀನಿ ಅಣ್ಣಾ?" ಅಂದಳು.

ನೀವು ನಂಬಿ, ಬಿಡಿ. ಆ ಮಾತು ನನ್ನ ಈ ಕಿವಿಯಲ್ಲೇ ಕೇಳಿದ್ದು. ಆ ಕಡೆ ಕಾರು ತಿರುಗಿತು ಅಂತ ಕಾಣತ್ತೆ... ಇಂಡಿಕೇಟರಿನ ಸದ್ದು ನಿಂತಿತು.